ಎಂಟು ವರ್ಷದ ಚಿಲಕ

ನನ್ನ ಗಂಡನಿಗೆ ಕೆಲಸವಿಲ್ಲ ಅಂದರೆ ಜನ ನಗುತ್ತಾರೆ. ತಿಂಗಳು ತಿಂಗಳೂ ಸಂಬಳ ಬರುತ್ತದಲ್ಲ, ಇನ್ನೇನು ರೋಗ ಅನ್ನುತ್ತಾರೆ. ನಮ್ಮಮ್ಮನದೂ ಅದೇ ರಾಗ. "ಸುಮ್ನೆ ಕೂರಿಸಿ ದುಡ್ಡು ಕೊಡೋರು ಯಾರಿಗೆ ಸಿಗ್ತಾರೆ ಹೇಳು. ನಿಮ್ಮಪ್ಪ ಬಾಯ್ಲರ್ ಮುಂದೆ ಬೆಂದು ಬೆಂದೇ ಹೋದ್ರು." ಅಮ್ಮನ ಜೊತೆ ವಾದ ಮಾಡಿ ಗೆದ್ದವರು ಇಲ್ಲ, ಅಪ್ಪನೂ ಸೇರಿದಂತೆ. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಅಂತ ಗಾದೆ ಇದೆ. ನಮ್ಮ ಮನೆಯಲ್ಲಿ ಅದು ಉಲ್ಟಾ. ಕುಡಿಕೆ ತನ್ನ ಪಾಡಿಗೆ ತುಂಬುತ್ತಿತ್ತು, ಕೂತವನೇ ಖಾಲಿಯಾಗುತ್ತಾ ಬಂದ.

ಅವನು ಫುಟ್‌ಬಾಲ್ ಗೋಲ್‌ಕೀಪರ್. ಊರವರು ಅವನಿಗೆ ಚಿಲಕ ಅಂತ ಹೆಸರಿಟ್ಟಿದ್ದರು. ತಂಡದಲ್ಲಿ ಇಬ್ಬರನ್ನು ಹೊರಗೆ ಕಳಿಸಿದ್ದ ಒಂದು ಪಂದ್ಯದಲ್ಲಿ ಇವನೊಬ್ಬನೇ ಕೊನೆಯವರೆಗೂ ಗೋಲು ಕಾದಿದ್ದ. ಅಂದಿನಿಂದ ಗೋಲಿನ ಹಿಂದಿನ ಮೆಟ್ಟಿಲುಗಳಲ್ಲಿ ಕೂರುವವರು "ಚಿಲಕ ಹಾಕು, ಚಿಲಕ ಹಾಕು" ಅಂತ ಕೂಗಲು ಶುರುಮಾಡಿದರು. ನಾನು ಅಂಗಡಿಗೆ ಹೋದರೂ "ಏನಮ್ಮಾ, ಚಿಲಕ ಎಣ್ಣೆಗಿಣ್ಣೆ ಹಾಕಿಸ್ಕೊಂಡು ಚೆನ್ನಾಗಿದೆಯಾ?" ಅಂತ ಕೇಳುವವರು. ನಾನು ಮೇಲೆ ಮುಖ ಸಿಂಡರಿಸಿದರೂ ಒಳಗೊಳಗೇ ಉಬ್ಬುತ್ತಿದ್ದೆ.

ನಾನು ಕಾರು ಓಡಿಸುವುದನ್ನು ಕಲಿಸುವವಳು. ನನ್ನ ಕಾರಿನಲ್ಲಿ ನನ್ನ ಕಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದೆ. ಕಲಿಯುವವರ ಕಾಲು ಏನು ಮಾಡಲಿದೆ ಅಂತ ಅದಕ್ಕಿಂತ ಮೊದಲೇ ತಿಳಿಯುವುದು ನನ್ನ ಕಸುಬು. ಮುಖ ನೋಡಿದರೆ ಏನೂ ತಿಳಿಯುವುದಿಲ್ಲ, ಹೆದರಿ ಸಾಯುತ್ತಿರುವವರೂ ನಗುತ್ತಿರುತ್ತಾರೆ. ಮೊಣಕಾಲು ನೋಡಬೇಕು, ಹಿಮ್ಮಡಿ ನೋಡಬೇಕು. ನನ್ನ ಗಂಡ ಸುಳ್ಳು ಹೇಳುವಾಗ ಅವನ ಎಡಗಾಲಿನ ಹಿಮ್ಮಡಿ ಒಂದಿಷ್ಟು ಮೇಲೇಳುತ್ತದೆ. ಮದುವೆಯಾದ ಹೊಸದರಲ್ಲೇ ಇದನ್ನು ಕಂಡುಹಿಡಿದೆ, ಇವತ್ತಿಗೂ ಅವನಿಗೆ ಹೇಳಿಲ್ಲ. ಸಂಸಾರದಲ್ಲಿ ಇಂಥ ಒಂದಾದರೂ ಆಯುಧ ಇರಬೇಕು.

ಎಂಟು ವರ್ಷದ ಒಪ್ಪಂದ ತಂದದ್ದು ನಮ್ಮಣ್ಣ. ಆಟಗಾರರಿಗೂ ಕ್ಲಬ್‌ಗಳಿಗೂ ನಡುವೆ ಓಡಾಡುವ ದಲ್ಲಾಳಿ ಅವನು. ಅಣ್ಣ ಇವನನ್ನು ಭಾವ ಅನ್ನುತ್ತಾನೆ, ಇವನೂ ಅವನನ್ನು ಭಾವ ಅನ್ನುತ್ತಾನೆ, ಇಬ್ಬರೂ ಫೋನಿನಲ್ಲಿ ಮಾತಾಡಿದರೆ ಪಕ್ಕದಲ್ಲಿದ್ದವರಿಗೆ ತಲೆ ಕೆಡುತ್ತದೆ. "ಭಾವ, ಕೀಪರ್ ಅಂದ್ರೆ ಬೆರಳು. ನಾಳೆ ಬೆರಳು ಮುರಿದ್ರೆ ಯಾರು ಕೇಳ್ತಾರೆ? ಎಂಟು ವರ್ಷ ಅಂದ್ರೆ ಎಂಟು ವರ್ಷ. ಮುರಿಲಿ, ಉಳಿಲಿ, ಸಂಬಳ ಬರ್ತಿರುತ್ತೆ" ಅಂದ. ಕ್ಲಬ್ಬಿನವರಿಗೂ ಅದೇ ಬೇಕಿತ್ತು. ಹಳೇ ಕ್ಲಬ್ಬಿಗೆ ಕೊಟ್ಟು ಇವನನ್ನು ಕೊಂಡ ಬೆಲೆಯನ್ನು ಎಂಟು ವರ್ಷಕ್ಕೆ ಹಂಚಿ ಬರೆದುಕೊಂಡರೆ ಪ್ರತಿ ವರ್ಷದ ಹೊರೆ ಹಗುರವಾಗಿ ಕಾಣುತ್ತದಂತೆ. ಎಲ್ಲರೂ ಕೈ ಕುಲುಕಿದರು. ಬೆರಳು ಮುರಿದರೆ ಏನು, ಮಂಡಿ ಹೋದರೆ ಏನು, ಎಲ್ಲ ಯೋಚಿಸಿದ್ದರು. ಬೆರಳೂ ಮಂಡಿಯೂ ಗಟ್ಟಿಯಾಗಿದ್ದು ಕೋಚ್ ಬದಲಾದರೆ ಏನು ಅಂತ ಮಾತ್ರ ಯಾರೂ ಯೋಚಿಸಲಿಲ್ಲ.

ಮೂರು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ತಂಡ ಸೋಲತೊಡಗಿತು. ಸೋತದ್ದು ಮುಂದಿನವರು ಗೋಲು ಹೊಡೆಯದೆ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೊಸದಾಗಿ ಬಂದ ದೊಡ್ಡ ಕೋಚ್‌ಗೆ ಕಾಲಲ್ಲಿ ಆಡುವ ಕೀಪರ್ ಬೇಕಂತೆ, ಹಿಂದಿನಿಂದಲೇ ಚೆಂಡನ್ನು ಪಾಸ್ ಮಾಡುತ್ತಾ ಆಟ ಕಟ್ಟುವವನು. ಕೈಯಿಂದ ಹಿಡಿಯುವುದೇ ಕೆಲಸ ಅಂದುಕೊಂಡಿದ್ದವನಿಗೆ ಮೂವತ್ತರ ಹತ್ತಿರ ಬಂದಾಗ ನಿನ್ನ ಕಾಲು ಸರಿಯಿಲ್ಲ ಅಂದರು. ಹೊಸ ಕೀಪರ್ ಬಂದ, ಅವನ ಹಿಂದೆ ಇನ್ನೊಬ್ಬ ಬಂದ. ನನ್ನ ಗಂಡನ ಪ್ರವೇಶದ ಕಾರ್ಡು ಒಂದು ಬೆಳಿಗ್ಗೆ ಮುಖ್ಯ ಗೇಟಿನಲ್ಲಿ ಕೆಂಪು ದೀಪ ತೋರಿಸಿತು. ಕಾರ್ಡು ಕೆಟ್ಟಿದೆ ಅಂದುಕೊಂಡು ಪಂಚೆಯಂಚಿನಲ್ಲಿ ಕನ್ನಡಕ ಒರೆಸುವ ಮುದುಕರ ಹಾಗೆ ಅದನ್ನು ಅಂಗಿಗೆ ಉಜ್ಜಿ ಉಜ್ಜಿ ನೋಡಿದನಂತೆ. ಕಾವಲಿನವನೇ ಹೊರಗೆ ಬಂದು, ನಿಮ್ಮದು ಹಿಂದಿನ ಗೇಟಿಗೆ ಬದಲಾಗಿದೆ ಅಂದ.

ಹಿಂದಿನ ಗೇಟು ಅಂದರೆ ಬಟ್ಟೆ ಒಗೆಯುವ ಕೋಣೆಯ ಪಕ್ಕ. ಯಾವಾಗಲೂ ಸೋಪಿನ ಆವಿ. ಅದರಾಚೆ ಒಂದು ಹಳೇ ಮೈದಾನ, ಅರ್ಧಕ್ಕೆ ಹುಲ್ಲು, ಅರ್ಧಕ್ಕೆ ಮಣ್ಣು, ಒಂದೇ ಗೋಲು ಕಂಬ. ಬಾವುಟ, ಕಾಗದದ ಲೋಟ ತುಂಬಿಡುತ್ತಿದ್ದ ಗೋದಾಮನ್ನು ಅರ್ಧ ಖಾಲಿ ಮಾಡಿ ಇವನಿಗೆ ಬಟ್ಟೆ ಬದಲಿಸಲು ಕೊಟ್ಟರು. ಒಪ್ಪಂದದಲ್ಲಿ ಎರಡು ಸಾಲು ಇವೆ. ಕ್ಲಬ್ಬು ಪ್ರತಿದಿನ ತರಬೇತಿ ಕೊಡಬೇಕು, ಆಟಗಾರ ಪ್ರತಿದಿನ ಹಾಜರಾಗಬೇಕು. ಯಾವ ತರಬೇತಿ, ಯಾರ ಜೊತೆ ಅಂತ ಇಲ್ಲ. ಇವನೊಂದು ದಿನ ಹೋಗದಿದ್ದರೆ ತಪ್ಪು ಇವನದು, ಅವರು ಒಪ್ಪಂದ ಮುರಿದು ಮೇಲಿಂದ ಪರಿಹಾರವನ್ನೂ ಕೇಳಬಹುದು. ಅವರು ಒಂದು ದಿನ ತರಬೇತಿ ಕೊಡದಿದ್ದರೆ ತಪ್ಪು ಅವರದು. ಹಾಗಾಗಿ ಇಬ್ಬರೂ ಎದುರುಬದುರು ಕೂತು ಯಾರು ಮೊದಲು ಏಳುತ್ತಾರೋ ನೋಡೋಣ ಅಂತ ಕಾಯುತ್ತಿದ್ದರು.

ಇವನಿಗೆ ತರಬೇತಿ ಕೊಡಲು ನೇಮಿಸಿದ್ದು ಮಂಡಿ ಮೇಷ್ಟ್ರನ್ನು. ಅವರೂ ಹಿಂದೊಮ್ಮೆ ಕೀಪರ್ ಆಗಿದ್ದವರು. ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ಚೆಂಡು ಒದೆಯುವುದಿರಲಿ, ಬಗ್ಗಿ ಎತ್ತಲೂ ಆಗುತ್ತಿರಲಿಲ್ಲ. ಒದೆಯಲಾಗದ ಮೇಷ್ಟ್ರಿಗೆ ಕ್ಲಬ್ಬು ಒಂದು ಯಂತ್ರ ಕೊಟ್ಟಿತು. ಎರಡು ರಬ್ಬರ್ ಚಕ್ರ, ಮೇಲೊಂದು ಬುಟ್ಟಿ. ಚೆಂಡು ಹಾಕಿದರೆ ಒಳಗಿನ ತಡೆ ಟಕ್ ಅಂತ ಬಿಚ್ಚಿಕೊಳ್ಳುತ್ತದೆ, ಮರುಕ್ಷಣ ಚೆಂಡು ಹಾರಿ ಬರುತ್ತದೆ. ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ, ಒಂದು ಕ್ರಮದಲ್ಲಿ. ಆ ಕ್ರಮ ಬದಲಿಸುವ ಗುಂಡಿ ಮೊದಲ ವಾರದಲ್ಲೇ ಕೆಟ್ಟಿತ್ತು. ರಿಪೇರಿ ಮಾಡಿಸಿ ಅಂತ ಮೇಷ್ಟ್ರು ಕೇಳಿದರು, ನೋಡೋಣ ಅಂದರು. ನೋಡುತ್ತಲೇ ಇದ್ದರು.

ಹೀಗೆ ಎರಡು ವರ್ಷ. ಬೆಳಿಗ್ಗೆ ಎದ್ದು, ಗಡ್ಡ ಹೆರೆದುಕೊಂಡು, ಬ್ಯಾಗು ಹಿಡಿದು ಹೋಗಿ, ಯಂತ್ರದ ಮುಂದೆ ನಿಂತು, ಮಧ್ಯಾಹ್ನ ವಾಪಸ್. ಬೇರೆ ಕ್ಲಬ್ಬಿಗೆ ಹೋಗಬಾರದೇ ಅಂತ ನೀವೂ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಮೂಗಿಗಿಂತ ಮೂಗುತಿ ಭಾರವಾಗಿತ್ತು. ಇವನ ಸಂಬಳ ಕೇಳಿದರೆ ಚಿಕ್ಕ ಕ್ಲಬ್ಬುಗಳು ಫೋನ್ ಇಡುತ್ತಿದ್ದವು. ನನಗೆ ಅರ್ಧ ಸಾಕು, ಕಾಲು ಭಾಗ ಸಾಕು ಅಂತ ಇವನೇ ಹೇಳಿ ನೋಡಿದ. ಆಗ, ಇಷ್ಟು ಬಿಡುತ್ತಾನೆಂದರೆ ಎಲ್ಲೋ ಗಾಯ ಮುಚ್ಚಿಡುತ್ತಿದ್ದಾನೆ ಅಂತ ಅನುಮಾನ. ಬಿಟ್ಟಿ ಬಿಟ್ಟುಕೊಡಿ ಅಂದರೆ ನಮ್ಮ ಕ್ಲಬ್ಬು ಒಪ್ಪಲಿಲ್ಲ. ಅದನ್ನು ಅಣ್ಣ ನನಗೆ ಅಂಗಡಿಯ ಲೆಕ್ಕದಲ್ಲಿ ವಿವರಿಸಿದ. "ಹಳೇ ಸರಕನ್ನ ಹೊರಗೆ ಎಸೆದ್ರೆ ಅವತ್ತೇ ನಷ್ಟ ಅಂತ ಬರೀಬೇಕು. ಕಪಾಟಿನಲ್ಲೇ ಇಟ್ಕೊಂಡ್ರೆ ಸರಕು ಇದೆ ಅಂತ ತೋರಿಸ್ಬಹುದು. ಮಾಲೀಕರಿಗೆ ಈ ವರ್ಷ ನಷ್ಟ ತೋರಿಸೋ ಹಾಗಿಲ್ಲ."

"ಮುಂದಿನ ವರ್ಷ?"

"ಮುಂದಿನ ವರ್ಷಾನೂ ಒಂದು ಈ ವರ್ಷ ಇರುತ್ತಲ್ಲ" ಅಂದ ಅಣ್ಣ. ಅವನ ಮೇಲೆ ಸಿಟ್ಟು ಬಂದಿತು, ಆದರೆ ಅವನ ಮುಖ ನೋಡಿ ನುಂಗಿಕೊಂಡೆ. ತಂಗಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದವನು. ಮಾಡಿದ್ದು ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪವಾಗಿ ಕೂತಿತ್ತು.

ಮನೆಯಲ್ಲಿ ಅವನು ಜಗಳವಾಡಲಿಲ್ಲ, ಕುಡಿಯಲಿಲ್ಲ. ಅದೇ ನನಗೆ ಹೆದರಿಕೆ. "ಹೇಗಿತ್ತು ಇವತ್ತು?" ಅಂದರೆ "ಚೆನ್ನಾಗಿತ್ತು" ಅನ್ನುವನು, ಹಿಮ್ಮಡಿ ಏಳುತ್ತಿತ್ತು. ಟಿವಿಯಲ್ಲಿ ಪಂದ್ಯ ಬಂದರೆ ಎದ್ದು ಹೋಗಿ ಪಾತ್ರೆ ತೊಳೆಯುವನು. ನಮ್ಮ ಮನೆಯ ಪಾತ್ರೆಗಳು ಆ ಎರಡು ವರ್ಷ ಹೊಳೆದಷ್ಟು ಯಾವತ್ತೂ ಹೊಳೆದಿಲ್ಲ.

ಒಂದು ಬೆಳಿಗ್ಗೆ ಅವನನ್ನು ಕಾರಿನಲ್ಲಿ ಬಿಡಲು ಹೋದೆ. ಮಂಡಿ ಮೇಷ್ಟ್ರು ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕುರ್ಚಿಯಲ್ಲಿ ಕೂತಿದ್ದರು. "ಅಮ್ಮಾ, ಸ್ವಲ್ಪ ಹೊತ್ತು ಚೆಂಡು ಹಾಕ್ತೀಯಾ? ಯಂತ್ರ ಓಡಲಿಲ್ಲ ಅಂದ್ರೆ ನಾಳೆ ಪ್ರಶ್ನೆ ಬರುತ್ತೆ" ಅಂದರು. ಪಾಠಕ್ಕೆ ಇನ್ನೂ ಹೊತ್ತಿತ್ತು. ನಾನು ಬುಟ್ಟಿಗೆ ಚೆಂಡು ಹಾಕತೊಡಗಿದೆ. ಟಕ್, ಚೆಂಡು. ಟಕ್, ಚೆಂಡು. ಅವನು ಎಡಕ್ಕೆ ಬಿದ್ದು ಹಿಡಿದ, ಬಲಕ್ಕೆ ಬಿದ್ದು ಹಿಡಿದ. ಒಂದೂ ಬಿಡಲಿಲ್ಲ. ಎರಡು ವರ್ಷದ ಮೇಲೆ ಅವನು ಚೆಂಡು ಹಿಡಿಯುವುದನ್ನು ಕಂಡು ನನಗೆ ಕಣ್ಣು ತುಂಬಿ ಬಂತು.

"ಇಲ್ನೋಡು, ಒಂದು ತಮಾಷೆ ತೋರಿಸ್ತೀನಿ" ಅಂದು ಕಣ್ಣು ಮುಚ್ಚಿಕೊಂಡ.

ನಾನು ಹೆದರಿ ನಿಲ್ಲಿಸಿದೆ. "ಹಾಕು, ಹಾಕು" ಅಂದ. ಹಾಕಿದೆ. ಟಕ್ ಅಂದ ಕೂಡಲೇ ಅವನ ಮೈ ಹಾರಿತು, ಚೆಂಡು ಬಂದು ಕೈಯೊಳಗೇ ಕೂತಿತು. ಮತ್ತೊಂದು, ಮಗದೊಂದು. ಕಣ್ಣು ಮುಚ್ಚಿಕೊಂಡೇ ಎಲ್ಲವನ್ನೂ ಹಿಡಿದ. ನಾನು ಚಪ್ಪಾಳೆ ತಟ್ಟಿ ನಕ್ಕೆ. ಅವನೂ ನಕ್ಕ, ಎಷ್ಟೋ ದಿನದ ಮೇಲೆ.

ಮಂಡಿ ಮೇಷ್ಟ್ರು ನಗಲಿಲ್ಲ. ಅವನು ನೀರು ಕುಡಿಯಲು ಹೋದಾಗ ನನ್ನನ್ನು ಹತ್ತಿರ ಕರೆದರು. "ಇದು ಒಳ್ಳೇದಲ್ಲಮ್ಮ. ನಾವು ಹಿಡಿಯೋದು ಚೆಂಡು ನೋಡಿ ಅಲ್ಲ, ಕಾಲು ನೋಡಿ. ಹೊಡೆಯೋನು ಯಾವ ಕಡೆ ಸೊಂಟ ತಿರುಗಿಸ್ದ, ಯಾವ ಕಾಲು ನೆಲಕ್ಕೂರಿದ, ಅದನ್ನ ನೋಡಿ ಹಾರೋದು. ಯಂತ್ರಕ್ಕೆ ಎಲ್ಲಿದೆ ಕಾಲು? ನಾನು ಹೇಳ್ದೆ, ಯಾರನ್ನಾದ್ರೂ ಒದೆಯೋಕೆ ಕಳಿಸಿ ಅಂತ. ಕಳಿಸಲಿಲ್ಲ." ನಾನು ಹೂಂ ಅಂದೆ. ಪಾಠಕ್ಕೆ ತಡವಾಗುತ್ತಿತ್ತು, ಹೊರಟೆ.

ಆಮೇಲೆ ಹೆಚ್ಚು ದಿನವಾಗಿರಲಿಲ್ಲ, ಅಣ್ಣ ಫೋನ್ ಮಾಡಿದ. ಕೆಳಗಿನ ದರ್ಜೆಯ ಒಂದು ಕ್ಲಬ್ಬಿನಲ್ಲಿ ಕೀಪರ್‌ನ ಮಣಿಕಟ್ಟು ಮುರಿದಿದೆ, ಇವನನ್ನು ಎರವಲು ತೆಗೆದುಕೊಳ್ಳುತ್ತಾರೆ, ಉಳಿದ ಮೂರು ವರ್ಷಕ್ಕೂ. ಸಂಬಳದ ಒಂದು ಪಾಲು ಅವರು ಕೊಡುತ್ತಾರೆ, ಮಿಕ್ಕಿದ್ದು ಇವರು. ನಷ್ಟ ಬರೆಯಬೇಕಾಗಿಲ್ಲವಾದ್ದರಿಂದ ನಮ್ಮ ಕ್ಲಬ್ಬೂ ಒಪ್ಪಿದೆ. "ಎರವಲು ಅಂದ್ರೆ ಮಾರಿದ ಹಾಗಲ್ವಾ?" ಅಂದಳು ಅಮ್ಮ. ಅಲ್ಲ, ಹೆಸರು ಇಲ್ಲೇ ಇರುತ್ತದೆ, ಆಟ ಅಲ್ಲಿ, ಅಂದೆ. "ಅಳಿಯ ಅಲ್ಲ, ಮಗಳ ಗಂಡ" ಅಂದಳು ಅಮ್ಮ. ನನಗೆ ಹೆಸರು ಎಲ್ಲಿದ್ದರೇನು, ಅವನು ಗೋಲಿನಲ್ಲಿ ನಿಂತರೆ ಸಾಕಾಗಿತ್ತು.

ಒಂದೇ ಷರತ್ತು. ಎರಡು ವರ್ಷದಿಂದ ಪಂದ್ಯವಾಡದವನನ್ನು ಕಣ್ಣಾರೆ ನೋಡದೆ ಅವರು ಸಹಿ ಹಾಕುವುದಿಲ್ಲ. ಒಂದು ಅಭ್ಯಾಸ ಪಂದ್ಯ ಆಡಬೇಕು. ಪಂದ್ಯದ ದಿನ ಸಂಜೆಗೇ ಆಟಗಾರರ ಕೊಡುಕೊಳ್ಳುವಿಕೆಯ ಅವಧಿ ಮುಗಿಯುತ್ತಿತ್ತು. ಅಷ್ಟರಲ್ಲಿ ಸಹಿಯಾದರೆ ಸರಿ, ಇಲ್ಲದಿದ್ದರೆ ಮತ್ತೆ ಬಾಗಿಲು ತೆರೆಯುವವರೆಗೂ ಯಂತ್ರ. ಮುಂದಿನ ಸಲ ಮೂವತ್ತೆರಡು ತುಂಬಿದವನನ್ನು, ಅದೂ ಇಷ್ಟು ದಿನ ಆಡದವನನ್ನು, ಯಾರು ಕೇಳುತ್ತಾರೆ?

ಆ ಕ್ಲಬ್ಬಿನ ಮೈದಾನ ಬಸ್ ಡಿಪೋದ ಹಿಂದೆ. ನೋಡುವವರಿಗೆ ಅಂತ ಮರದ ಕೆಲವು ಬೆಂಚುಗಳು, ಗೋಲಿನ ಹಿಂದೆ ಕಬ್ಬಿಣದ ಕಂಬಿ. ನಾನೂ ಅಣ್ಣನೂ ಆ ಕಂಬಿಯ ಹಿಂದೆ ನಿಂತೆವು. ಅಲ್ಲಿಯ ಕೋಚ್ ಒಬ್ಬ ಗಿಡ್ಡ ಮನುಷ್ಯ, ಎರಡೂ ಕೈಯನ್ನು ಜೇಬಿನಲ್ಲಿಟ್ಟು ಗೆರೆಯ ಪಕ್ಕ ನಿಂತಿದ್ದ. ನನ್ನ ಗಂಡ ಕೈಗವಸು ಹಾಕಿಕೊಂಡು ಎರಡೂ ಕಂಬಗಳನ್ನು ಮುಟ್ಟಿ ಬಂದ. ಅದು ಅವನ ಹಳೇ ಅಭ್ಯಾಸ. ಅದನ್ನು ಕಂಡು ನನಗೆ ಜೀವ ಬಂದ ಹಾಗಾಯಿತು.

ಮೊದಲ ಚೆಂಡು ಬಂತು. ಎದುರು ತಂಡದ ಉದ್ದನೆಯವನೊಬ್ಬ ಓಡಿ ಬಂದು ಒದ್ದ. ಅಂಥ ಬಿರುಸಿನದೂ ಅಲ್ಲ. ನನ್ನ ಗಂಡ ನಿಂತೇ ಇದ್ದ. ಚೆಂಡು ಅವನ ಪಕ್ಕದಲ್ಲೇ ಹೋಗಿ ಬಲೆಗೆ ಬಿತ್ತು. ಅದು ಬಿದ್ದ ಮೇಲೆ ಅವನು ಹಾರಿದ. ಬೆಂಚಿನ ಮೇಲೆ ಕೂತಿದ್ದ ಯಾರೋ ನಕ್ಕರು.

"ಮೊದಲ್ನೇದು ಅಲ್ವಾ, ಮೈ ಬಿಸಿಯಾಗಿಲ್ಲ" ಅಂದ ಅಣ್ಣ.

ಎರಡನೆಯದೂ ಹಾಗೇ. ಈ ಸಲ ನಾನು ಚೆಂಡು ಬಿಟ್ಟು ಅವನನ್ನೇ ನೋಡುತ್ತಿದ್ದೆ. ತಲೆ ಒಂದಿಷ್ಟು ಓರೆಯಾಗಿತ್ತು, ಏನನ್ನೋ ಆಲಿಸುವವರದು ಆಗುತ್ತದಲ್ಲ, ಹಾಗೆ. ಅವನು ಟಕ್ ಅನ್ನುವುದನ್ನು ಕಾಯುತ್ತಿದ್ದ. ಅದೂ ತನಗೇ ಗೊತ್ತಿಲ್ಲದೆ ಕಾಯುತ್ತಿದ್ದ. ಇಡೀ ಮೈದಾನದಲ್ಲಿ ಅದು ತಿಳಿದದ್ದು ನನಗೊಬ್ಬಳಿಗೆ.

ನನ್ನ ಕೈಯಲ್ಲಿ ಕಾರಿನ ಕೀಲಿಗೊಂಚಲಿತ್ತು. ಮತ್ತೆ ಆ ಉದ್ದನೆಯವನು ಚೆಂಡು ತಳ್ಳಿಕೊಂಡು ಬಂದ. ಅವನ ಮೊಣಕಾಲು ನೋಡಿದೆ, ಊರಿದ ಪಾದ ನೋಡಿದೆ. ಹೊಡೆಯುತ್ತಾನೆ ಅಂತ ನನ್ನ ಕಾಲಿಗೇ ಮೊದಲು ಗೊತ್ತಾಯಿತು, ಇಲ್ಲದ ಬ್ರೇಕನ್ನು ಒತ್ತಿತು. ಕೈ ಕೀಲಿಯನ್ನು ಕಂಬಿಗೆ ಹೊಡೆಯಿತು. ಟಕ್.

ನನ್ನ ಗಂಡ ಹಾರಿದ. ಚೆಂಡು ಬಲಕ್ಕೆ ಬಂದಿತ್ತು, ಅವನೂ ಬಲಕ್ಕೆ ಹಾರಿದ್ದ. ಟಕ್ ಅಂದ ಮೇಲೆ ಅವನ ಕಣ್ಣು ತೆರೆದುಕೊಂಡಿತೇನೋ, ಮೈ ಬಿಡಿಸಿಕೊಂಡಿತೇನೋ, ನನಗೆ ಗೊತ್ತಿಲ್ಲ. ಎರಡೂ ಕೈಯಲ್ಲಿ ಚೆಂಡನ್ನು ಎದೆಗೆ ಅವುಚಿ ಬಿದ್ದಿದ್ದ.

"ಭಾವಾ!" ಅಂತ ಅಣ್ಣ ಕೂಗಿದ.

ಮತ್ತೊಂದು ಬಂತು. ಟಕ್. ಹಿಡಿದ. ಇನ್ನೊಂದು ಮೂಲೆಗೆ ಬಂತು. ಟಕ್. ಬೆರಳ ತುದಿಯಲ್ಲಿ ಹೊರಗೆ ತಳ್ಳಿದ. ಗಿಡ್ಡ ಕೋಚ್‌ನ ಕೈ ಜೇಬಿನಿಂದ ಹೊರಗೆ ಬಂದಿತ್ತು. ಅಣ್ಣ ನನ್ನ ಕೀಲಿಯ ಕಡೆ ನೋಡಿ "ಟೆನ್ಶನ್ ಮಾಡ್ಕೋಬೇಡ, ಆಗುತ್ತೆ" ಅಂದ. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ನಾನು ಗೆಲ್ಲುತ್ತಿದ್ದೆ. ನಿಜ ಹೇಳುತ್ತೇನೆ, ಅವನಲ್ಲ, ನಾನು ಗೆಲ್ಲುತ್ತಿದ್ದೆ ಅಂತಲೇ ಅನ್ನಿಸಿತು, ಅದರಲ್ಲಿ ನನಗೆ ಎಳ್ಳಷ್ಟೂ ನಾಚಿಕೆ ಇರಲಿಲ್ಲ.

ವಿರಾಮದಲ್ಲಿ ಅವನು ನೀರಿನ ಬಾಟಲಿ ಹಿಡಿದು ಸೀದಾ ಕಂಬಿಯ ಹತ್ತಿರ ಬಂದ. ಅಣ್ಣ ಆಗಲೇ ಕೋಚ್‌ನ ಜೊತೆ ಮಾತಿಗೆ ಓಡಿದ್ದ.

"ನೀನಾ?" ಅಂದ.

"ಹೂಂ."

ನೀರು ಕುಡಿದ. ಮುಖದ ಮೇಲೆ ಮಣ್ಣಿತ್ತು. "ಹೊಡೀಬೇಡ" ಅಂದ.

"ಯಾಕೆ? ಸಹಿ ಆಗ್ಲಿ. ಆಮೇಲೆ ಕಲಿತ್ಕೋ. ಅಲ್ಲಿ ಒದೆಯೋರು ಇರ್ತಾರೆ, ಒಂದು ತಿಂಗಳಲ್ಲಿ ಎಲ್ಲ ವಾಪಸ್ ಬರುತ್ತೆ."

"ಬರೋವರೆಗೂ?"

"ನಾನು ಬರ್ತೀನಿ. ಪ್ರತಿ ಮ್ಯಾಚಿಗೂ ಬಂದು ಇಲ್ಲೇ ನಿಂತ್ಕೋತೀನಿ." ನಾನು ನಿಜವಾಗಿಯೂ ಬರುತ್ತಿದ್ದೆ. ಪಾಠ ಬಿಟ್ಟು, ಊರೂರು ತಿರುಗಿ, ಮಳೆಯಲ್ಲೂ ನಿಲ್ಲುತ್ತಿದ್ದೆ.

"ಜನ ತುಂಬಿರೋ ಮೈದಾನದಲ್ಲಿ ನಿನ್ನ ಕೀಲಿ ಕೇಳ್ಸುತ್ತಾ?"

ನಾನು ಕೀಲಿಗೊಂಚಲನ್ನು ಮುಷ್ಟಿಯೊಳಗೆ ಸೇರಿಸಿದೆ.

"ಪರೀಕ್ಷೆ ದಿನ ನೀನು ನಿನ್ನ ಬ್ರೇಕ್ ಮುಟ್ತೀಯಾ?" ಅಂದ.

ಮುಟ್ಟುವ ಹಾಗಿಲ್ಲ. ಪರೀಕ್ಷೆಯ ದಿನ ನನ್ನ ಜಾಗದಲ್ಲಿ ಪರೀಕ್ಷೆ ತೆಗೆದುಕೊಳ್ಳುವವರು ಕೂರುತ್ತಾರೆ. ನನ್ನ ಬ್ರೇಕನ್ನೇ ನಂಬಿಕೊಂಡು ಕಲಿತವರು ಮೊದಲ ತಿರುವಿನಲ್ಲೇ ಫೇಲಾಗಿ ಅಳುತ್ತಾ ಇಳಿಯುತ್ತಾರೆ. ಇದನ್ನು ನಾನೇ ಊಟಕ್ಕೆ ಕೂತಾಗ ಅವನಿಗೆ ಎಷ್ಟು ಸಲ ಹೇಳಿ ನಕ್ಕಿದ್ದೆನೋ.

"ಇವತ್ತು ಆಗ್ಲಿಲ್ಲ ಅಂದ್ರೆ ಮತ್ತೆ ಆ ಗೋದಾಮಿಗೆ ಹೋಗ್ಬೇಕು, ಗೊತ್ತಾ?" ಅಂದೆ.

"ಗೊತ್ತು. ಆದ್ರೆ ಅದು ನನ್ನ ಜೊತೆ ಇಲ್ಲಿಗೂ ಬಂದುಬಿಟ್ಟಿದೆಯಲ್ಲ. ನಾನಿನ್ನೂ ಕೀಪರ್ ಹೌದೋ ಅಲ್ವೋ, ನೋಡ್ಬೇಕು ನಂಗೆ." ಅವನ ಹಿಮ್ಮಡಿ ನೋಡಿದೆ. ನೆಲದಲ್ಲೇ ಇತ್ತು. ಅವನು ಕಂಬಿಯ ಸಂದಿಯಿಂದ ಕೈಗವಸಿನ ಕೈ ಚಾಚಿದ. ನಾನು ಕೀಲಿಗೊಂಚಲನ್ನು ಆ ಕೈಯಲ್ಲಿಟ್ಟೆ. ಅದನ್ನು ಒಯ್ದು ಆಚೆ ತುದಿಯ ಗೋಲಿನ ಮೂಲೆಯಲ್ಲಿ ಟವೆಲಿನ ಕೆಳಗೆ ಇಟ್ಟುಕೊಂಡ. ತಂಡಗಳು ಕಡೆ ಬದಲಿಸಿದ್ದವು, ನಾನೂ ಆ ಗೋಲಿನ ಹಿಂದಿನ ಕಂಬಿಗೆ ಹೋದೆ.

ಎರಡನೇ ಅರ್ಧದ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. ಮೂರು ಗೋಲು ಬಿದ್ದವು. ಪ್ರತಿ ಸಲವೂ ನನ್ನ ಕಾಲು ನೆಲ ಒತ್ತುತ್ತಿತ್ತು, ಕೈ ಬರಿಗೈಯಾಗಿತ್ತು. ಬಾಯಲ್ಲೇ ಟಕ್ ಅನ್ನಬಹುದಿತ್ತು. ತುಟಿ ಕಚ್ಚಿಕೊಂಡೆ. ಮೊದಲನೆಯದಕ್ಕೆ ಅವನು ನಿಂತೇ ಇದ್ದ. ಎರಡನೆಯದಕ್ಕೆ ತಪ್ಪು ಕಡೆ ಹಾರಿದ. ಕೊನೆಯದು ಆ ಉದ್ದನೆಯವನದೇ. ಅವನು ಓಡಿ ಬರುವಾಗ ನನ್ನ ಗಂಡನ ತಲೆ ಓರೆಯಾಗಲಿಲ್ಲ, ಅವನ ಕಾಲಿನ ಮೇಲೇ ನೆಟ್ಟಿತ್ತು. ಸರಿಯಾದ ಕಡೆಗೇ ಹಾರಿದ, ಒಂದು ರೆಪ್ಪೆ ಹೊಡೆಯುವಷ್ಟು ತಡವಾಗಿ. ಚೆಂಡು ಬೆರಳ ತುದಿಗೆ ತಾಗಿ, ಕಂಬಕ್ಕೆ ಬಡಿದು, ಒಳಗೇ ಹೋಯಿತು.

ಅವನು ಎದ್ದು ನಿಂತು ಮುಂದಿನವರನ್ನು ಬೈಯತೊಡಗಿದ. "ಅವನನ್ನ ಯಾರು ಬಿಟ್ಟಿದ್ದು? ಎಡಕ್ಕೆ ಒತ್ತಬೇಕಿತ್ತು, ಎಡಕ್ಕೆ!" ಪರಿಚಯವೇ ಇಲ್ಲದ ಆಟಗಾರರು ಬೆಪ್ಪಾಗಿ ನೋಡುತ್ತಿದ್ದರು. ಕೀಪರ್‌ಗಳು ಆಟದುದ್ದಕ್ಕೂ ಕೂಗುತ್ತಲೇ ಇರುತ್ತಾರೆ. ಯಂತ್ರದ ಮುಂದೆ ಯಾರಿಗೆ ಕೂಗುವುದು? ಎರಡು ವರ್ಷದಿಂದ ನಾನು ಆ ಧ್ವನಿ ಕೇಳಿರಲಿಲ್ಲ. ನಾನು ಕಂಬಿ ಹಿಡಿದು ಅತ್ತುಬಿಟ್ಟೆ.

ಗಿಡ್ಡ ಕೋಚ್ ಮರ್ಯಾದಸ್ಥ. ತಾನೇ ಬಂದು ಇವನ ಕೈ ಹಿಡಿದುಕೊಂಡ. "ಒಂದು ವರ್ಷ ಮುಂಚೆ ಬಂದಿದ್ರೆ ಚೆನ್ನಾಗಿರ್ತಿತ್ತು" ಅಂದ. ಬರುವುದು ನಮ್ಮ ಕೈಯಲ್ಲಿತ್ತೇ ಅಂತ ಕೇಳಬೇಕೆನಿಸಿತು, ಕೇಳಲಿಲ್ಲ. ಅವನದೇನು ತಪ್ಪು? ಕಾರಿನಲ್ಲಿ ಅಣ್ಣ ಹಿಂದಿನ ಸೀಟಿನಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದ. "ನಾನೇ ಭಾವ, ಎಂಟು ವರ್ಷ ಅಂತ ಕುಣಿದೋನು ನಾನೇ" ಅಂದ. ನನ್ನ ಗಂಡ ತಿರುಗಿ ಅವನ ಮಂಡಿ ತಟ್ಟಿದ. ಮನೆ ತಲುಪುವಷ್ಟರಲ್ಲಿ ಆ ವರ್ಷದ ಬಾಗಿಲು ಮುಚ್ಚಿತ್ತು.

ಸೋಮವಾರ ಬೆಳಿಗ್ಗೆ ಅವನು ಗಡ್ಡ ಹೆರೆದುಕೊಂಡು ಬ್ಯಾಗು ಹಿಡಿದು ಹಿಂದಿನ ಗೇಟಿಗೆ ಹೋದ. ಹೋಗುವ ಮುಂಚೆ ನನ್ನ ಔಷಧಿಯ ಡಬ್ಬಿಯಿಂದ ಹತ್ತಿ ತೆಗೆದುಕೊಂಡ. ಈಗ ದಿನಾ ಹಾಗೇ. ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಯಂತ್ರದ ಮುಂದೆ ನಿಲ್ಲುತ್ತಾನೆ. ಮೊದಮೊದಲು ಅರ್ಧಕ್ಕರ್ಧ ಚೆಂಡು ಬಿಟ್ಟನಂತೆ. ಮಂಡಿ ಮೇಷ್ಟ್ರು ಬಹಳ ಖುಷಿಯಲ್ಲಿದ್ದಾರೆ. ಕ್ಲಬ್ಬಿನ ಲೆಕ್ಕದಲ್ಲಿ ತರಬೇತಿ ನಡೆಯುತ್ತಿದೆ, ಕ್ಲಬ್ಬಿನವರಿಗೆ ಅಷ್ಟೇ ಬೇಕು.

ಸಂಜೆ ನನ್ನ ಪಾಠಗಳು ಮುಗಿದ ಮೇಲೆ ಕಾರು ಕಲಿಸುವ ಅಂಗಳ ಖಾಲಿಯಾಗುತ್ತದೆ. ರಿವರ್ಸ್ ಕಲಿಸಲು ಇಟ್ಟ ಎರಡು ಡ್ರಮ್ಮುಗಳೇ ಗೋಲು ಕಂಬ. ಅವನು ನಡುವೆ ನಿಲ್ಲುತ್ತಾನೆ, ನಾನು ಒದೆಯುತ್ತೇನೆ. ಕೆಲಸದ ಬೂಟಿನಲ್ಲಿ, ಕೆಟ್ಟದಾಗಿ. ಚೆಂಡು ಒಂದೊಂದು ಸಲ ಹಿಂದಿನ ರಸ್ತೆಗೇ ಹೋಗುತ್ತದೆ. "ನಿನ್ನ ಕಾಲಿಗೇ ಗೊತ್ತಿಲ್ಲ ಎಲ್ಲಿಗೆ ಹೊಡೀತೀಯ ಅಂತ, ನಾನು ನೋಡಿ ಏನು ಮಾಡ್ಲಿ?" ಅನ್ನುತ್ತಾನೆ. ಆದರೂ ನೋಡುತ್ತಾನೆ. ಅಮ್ಮ ಒಂದು ಸಂಜೆ ಬಂದು ನೋಡಿ, ಇಬ್ಬರಿಗೂ ಕೆಲಸವಿಲ್ಲ ಅಂದುಕೊಂಡು ಹೋದಳು.

ಮೂರು ವರ್ಷ ಬಾಕಿ ಇದೆ. ಬಾಗಿಲು ಮತ್ತೆ ತೆರೆದಾಗ ಯಾರಾದರೂ ಕೇಳುತ್ತಾರೆ ಅಂತ ಅಣ್ಣ ಹೇಳುತ್ತಾನೆ. ನನಗೆ ನಂಬಿಕೆಯಿಲ್ಲ. ಅವನನ್ನು ಹೊರಗೆ ತರುವುದು ನನ್ನಿಂದ ಆಗಲಿಲ್ಲ, ನಾನೇ ಒಳಗೆ ಹೋಗಿ ಅವನ ಜೊತೆ ನಿಂತಿದ್ದೇನೆ.

ನಿನ್ನೆ ಸಂಜೆ ನಾನು ಚೆಂಡಿನ ಕಡೆ ಓಡುವಾಗ ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿ ಬೆಲ್ಟಿನ ಬಕಲ್ಲಿಗೆ ಬಡಿದು ಟಕ್ ಅಂತು. ನಾನಿನ್ನೂ ಕಾಲು ಎತ್ತಿರಲಿಲ್ಲ. ಅವನು ಆಗಲೇ ಎಡಕ್ಕೆ ಹಾರಿ ನೆಲಕ್ಕೆ ಬಿದ್ದಿದ್ದ. ಚೆಂಡು ನನ್ನ ಮುಂದೆ ಇದ್ದಲ್ಲೇ ಇತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅವನು ಮೊಣಕೈಗೆ ಅಂಟಿದ ಜಲ್ಲಿ ಒರೆಸಿಕೊಂಡು ಎದ್ದು ಡ್ರಮ್ಮುಗಳ ನಡುವೆ ಹೋಗಿ ನಿಂತ. ನಾನು ಕೀಲಿ ತೆಗೆದು ಕಾರಿನೊಳಗೆ ಸೀಟಿನ ಮೇಲೆ ಹಾಕಿ, ಬಾಗಿಲು ಮುಚ್ಚಿ ಬಂದೆ.

"ಈಗ ಹೊಡಿ" ಅಂದ. ನಾನು ಹಿಂದಕ್ಕೆ ನಡೆದು ಮತ್ತೆ ಓಡಿ ಬಂದೆ.